ಭತ್ತ ಮುಗಿದ ಮಿಲ್ಲಿನ ಸದ್ದು

ಆನವಟ್ಟಿಯ ಗುತ್ಯಪ್ಪನನ್ನು ಹೆಂಡತಿ ಎದುರಿಗೇ ನಿಂತು ಊಟಕ್ಕೆ ಕರೆದರೂ ಮೂರು ಸಲಕ್ಕೆ ಒಂದು ಸಲ ಕೇಳಿಸುತ್ತದೆ. ಅದೇ ಮಿಲ್ಲಿನ ಬೇರಿಂಗಿನಲ್ಲಿ ಎಣ್ಣೆ ಕಡಿಮೆಯಾಗಿ ಅದು ಕೊಂಚ ಗೊಣಗಲಿ, ರಸ್ತೆಯಾಚೆಯ ಚಹಾದಂಗಡಿಯಲ್ಲಿ ಕೂತವನು ಲೋಟ ಅರ್ಧಕ್ಕೇ ಬಿಟ್ಟು ಎದ್ದು ಓಡುತ್ತಾನೆ. "ಇವ್ರು ಮನೆಗೆ ಬರೋವಾಗ ಕಿವಿ ಮಿಲ್ಲಲ್ಲೇ ಬಿಟ್ಟು ಬರ್ತಾರೆ" ಎಂದು ಹೆಂಡತಿ ತಿಮ್ಮಮ್ಮ ಬಂದ ನೆಂಟರಿಗೆಲ್ಲ ಹೇಳಿಕೊಳ್ಳುತ್ತಾಳೆ. ಮೂವತ್ತೈದು ವರ್ಷ ಅಕ್ಕಿ ಮಿಲ್ಲಿನ ಗದ್ದಲದಲ್ಲಿ ನಿಂತವನ ಕಿವಿ ಇನ್ನು ಹೇಗಿರಬೇಕು ಹೇಳಿ.

ಮಿಲ್ಲು ಚಂದ್ರಶೇಖರಪ್ಪನವರದು. ಊರ ಹೊರಗೆ ದೊಡ್ಡ ಮಿಲ್ಲುಗಳು ಬಂದ ಮೇಲೂ ಈ ಹಳೇ ಮಿಲ್ಲು ವಾರಕ್ಕೆರಡು ದಿನ ಓಡುತ್ತದೆ. ಮನೆ ಊಟಕ್ಕೆಂದು ಇಟ್ಟುಕೊಂಡ ಎರಡು ಚೀಲ ಭತ್ತವನ್ನು ಬೈಕಿನ ಹಿಂದೆ ಕಟ್ಟಿಕೊಂಡು ಸುತ್ತಲ ಹಳ್ಳಿಯವರು ಇಲ್ಲಿಗೇ ಬರುತ್ತಾರೆ. ಮೇಲಿನ ತಗಡಿನ ತೊಟ್ಟಿಗೆ ಭತ್ತ ಸುರಿಯುತ್ತಿರಬೇಕು, ಕೆಳಗೆ ಅಕ್ಕಿ ಒಂದು ಕಡೆ, ತೌಡು ಒಂದು ಕಡೆ ಬೀಳುತ್ತಿರುತ್ತದೆ. ತೊಟ್ಟಿ ತುಂಬಿದ್ದಾಗ ಮಿಷಿನ್ನಿನದು ದಪ್ಪ ದನಿ, ಉಂಡು ಮಲಗಿದವರ ಗೊರಕೆಯ ಹಾಗೆ. ಭತ್ತ ಕಡಿಮೆಯಾಗುತ್ತ ಬಂದಂತೆ ಆ ದನಿ ತೆಳುವಾಗುತ್ತದೆ, ಏರುತ್ತದೆ. ಪೂರ್ತಿ ಖಾಲಿಯಾದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಕಿರುಚತೊಡಗುತ್ತದೆ. ಹಾಗೆ ಕಿರುಚಲು ಬಿಟ್ಟರೆ ಒಳಗಿನ ಜರಡಿ ಹಾಳು. ಆದ್ದರಿಂದ ದನಿ ತೆಳುವಾಗುವ ಮೊದಲೇ ಇನ್ನೊಂದು ಬುಟ್ಟಿ ಭತ್ತ ಸುರಿಯುವವನೇ ಮಿಲ್ಲಿನವನು. ಗುತ್ಯಪ್ಪ ಅಷ್ಟೂ ವರ್ಷಗಳಲ್ಲಿ ತನ್ನ ಕೈಮೀರಿ ಮಿಷಿನ್ನು ಕಿರುಚಲು ಬಿಟ್ಟದ್ದು ಒಂದೇ ಒಂದು ಸಲ.

ಆ ಒಂದು ಸಲದ ಕತೆ ಆನವಟ್ಟಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಇಪ್ಪತ್ತೆರಡು ವರ್ಷದ ಹಿಂದೆ ಬೆಲ್ಟಿಗೆ ಸಿಕ್ಕಿ ಗುತ್ಯಪ್ಪನ ಎಡಗೈಯ ಎರಡು ಬೆರಳು ಹೋದವು, ಆದರೆ ಗಂಡಸು ಒಂದೇ ಕೈಯಲ್ಲಿ ಕೋಲು ಹಿಡಿದು ಓಡುವ ಬೆಲ್ಟನ್ನು ಚಕ್ರದಿಂದ ತಪ್ಪಿಸಿ ತನ್ನ ತೋಳನ್ನೂ ಜೀವವನ್ನೂ ತಾನೇ ಉಳಿಸಿಕೊಂಡ. ಈ ಕತೆಗೆ ಅವನಿಗೆ ರಾಜ್ಯೋತ್ಸವದ ವೇದಿಕೆಯಲ್ಲಿ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನವೂ ಆಗಿದೆ. ಕತೆಯಲ್ಲಿ ಬೆರಳು ಹೋದದ್ದು ನಿಜ. ಉಳಿದದ್ದು ಸುಳ್ಳು.

ನಡೆದದ್ದು ಇಷ್ಟು. ಮಧ್ಯಾಹ್ನ ಊಟದ ಹೊತ್ತು. ಸಾವ್ಕಾರ ಚಂದ್ರಶೇಖರಪ್ಪನವರು ಮನೆಗೆ ಹೋಗಿದ್ದರು. ಬೆಲ್ಟು ಜಾರುತ್ತಿದೆ ಎಂದು ಗುತ್ಯಪ್ಪ ಓಡುತ್ತಿದ್ದ ಬೆಲ್ಟಿಗೇ ರಾಳ ಸವರಲು ಹೋದ. ಮಿಲ್ಲಿನವರೆಲ್ಲ ಮಾಡುವ ಕೆಲಸವೇ ಅದು, ಮಾಡಬಾರದು ಎಂದೂ ಎಲ್ಲರಿಗೂ ಗೊತ್ತು. ಕೈಗೆ ಸುತ್ತಿಕೊಂಡಿದ್ದ ಟವೆಲ್ಲಿನ ತುದಿ ಸಿಕ್ಕಿಕೊಂಡಿತು. ಬೆರಳು ಹೋದದ್ದು ಅವನಿಗೆ ಆಮೇಲೆ ತಿಳಿದದ್ದು. ತಿರುಗುವ ದಂಡಕ್ಕೆ ಟವೆಲ್ಲು ಸುತ್ತುತ್ತ, ಜಾರುತ್ತ, ಮಣಿಕಟ್ಟನ್ನು ಒಂದೊಂದೇ ಇಂಚು ಎಳೆದುಕೊಳ್ಳುತ್ತಿತ್ತು. ಒಂದು ಕಾಲನ್ನು ಕಂಬಕ್ಕೆ ಒದ್ದು ಹಿಡಿದು ಅವನು ಕೂಗಿದ. ಆ ಗದ್ದಲದಲ್ಲಿ ಅವನ ಕೂಗು ಅವನಿಗೇ ಕೇಳಿಸಲಿಲ್ಲ. ಕೇಳಿಸಿದ್ದು ಒಂದೇ, ತೊಟ್ಟಿಯಲ್ಲಿ ಭತ್ತ ಮುಗಿಯುತ್ತಿರುವುದು.

ಅದು ಹೊರಗೆ ಅಂಗಳದಲ್ಲಿ ನುಚ್ಚು ಕೇರುತ್ತಿದ್ದ ಮೂಕಮ್ಮನಿಗೂ ಕೇಳಿಸಿತು. ಗುತ್ಯಪ್ಪ ಇರುವಾಗ ಮಿಲ್ಲು ಹೀಗೆ ಕಿರುಚುವುದಿಲ್ಲ, ಕಿರುಚುತ್ತಿದೆ ಎಂದರೆ ಗುತ್ಯಪ್ಪನಿಗೆ ಏನೋ ಆಗಿದೆ. ಇಷ್ಟೇ ಅವಳ ಲೆಕ್ಕ. ಮೊರ ಎಸೆದು ಓಡಿ ಬಂದಳು, ಬಾಗಿಲಾಚೆಯಿಂದ ಎಷ್ಟೋ ಸಲ ನೋಡಿದ್ದ ಹಾಗೆ ಮೂಲೆಯ ಕೋಲು ತೆಗೆದು ಬೆಲ್ಟನ್ನು ಚಕ್ರದಿಂದ ದೂಡಿ ಕೆಡವಿದಳು, ಮಿಷಿನ್ನು ನಿಂತಿತು. ಮಿಲ್ಲಿನ ಒಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಸೀರೆಯ ಹೆಂಗಸರು ಬೆಲ್ಟಿನ ಹತ್ತಿರ ಸುಳಿಯಕೂಡದು ಎಂದು ಸಾವ್ಕಾರರ ಕಟ್ಟಪ್ಪಣೆ. ಹೊಸಿಲು ದಾಟಿದ್ದಕ್ಕೆ ಹಿಂದಿನ ವರ್ಷವಷ್ಟೇ ಒಬ್ಬಳ ಕೆಲಸ ಹೋಗಿತ್ತು. ತನ್ನ ಸೆರಗು ಹರಿದು ಅವನ ಕೈಗೆ ಬಿಗಿಯುತ್ತ ಮೂಕಮ್ಮ ಹೇಳಿದ್ದು ಒಂದೇ ಮಾತು. "ನಾನು ಒಳಗೆ ಬಂದಿದ್ದೆ ಅಂತ ಎಲ್ಲೂ ಬಾಯಿ ಬಿಡಬ್ಯಾಡ ತಮ್ಮ. ನಾಳೆಗೆ ನಂಗೆ ಕೆಲ್ಸ ಇರಲ್ಲ."

ಬಾಯಿ ಬಿಡಲಿಲ್ಲ. ಬೆಲ್ಟು ಕೆಳಗೆ ಬಿದ್ದದ್ದನ್ನು, ಪಕ್ಕದಲ್ಲಿ ಕೋಲು ಇದ್ದದ್ದನ್ನು ನೋಡಿ ಚಂದ್ರಶೇಖರಪ್ಪನವರೇ ಕತೆ ಕಟ್ಟಿದರು. ಕತೆ ಬೆಳೆಯಿತು, ಶಾಲು ಬಂತು. ಮೂಕಮ್ಮ ವಯಸ್ಸಾಗಿ ಕೆಲಸ ಬಿಟ್ಟು ಅಂಜನಾಪುರದ ಮಗಳ ಮನೆ ಸೇರಿದಳು. ಗುತ್ಯಪ್ಪ ಅವಳಿಗೆ ಒಂದು ಒಳ್ಳೆಯ ಮಾತನ್ನೂ ಆಡಿರಲಿಲ್ಲ. ನಮ್ಮ ಕಡೆ ಧನ್ಯವಾದ ಎನ್ನುವುದು ಸಭೆಯ ಕೊನೆಗೆ ಮೈಕಿನಲ್ಲಿ ಹೇಳುವ ಮಾತು, ಅಕ್ಕನಂಥವಳಿಗೆ ಹಾಗಂದರೆ ಬೈದಾಳು. ಬೇರೆ ಮಾತು ಅವನಿಗೆ ಹೊಳೆಯಲಿಲ್ಲ. ಯಾರಾದರೂ ಹೊಗಳಿದಾಗಲೆಲ್ಲ ಅವನಿಗೆ ಕದ್ದದ್ದನ್ನು ತಿಂದ ಹಾಗಾಗುತ್ತಿತ್ತು. ಸಾಯುವುದರೊಳಗೆ ನಿಜ ಹೇಳಿ, ಮೂಕಮ್ಮನದನ್ನು ಮೂಕಮ್ಮನಿಗೆ ಒಪ್ಪಿಸಬೇಕು ಎಂದು ಅವನು ವರ್ಷಕ್ಕೆ ನಾಲ್ಕು ಸಲವಾದರೂ ಗಟ್ಟಿ ಮನಸ್ಸು ಮಾಡುತ್ತಿದ್ದ. ಸಾವ್ಕಾರರ ಮುಖ ಕಂಡೊಡನೆ ಅದು ಮೆತ್ತಗಾಗುತ್ತಿತ್ತು.

ಹೀಗಿರುವಾಗ ಸಿನಿಮಾದವರು ಬಂದರು. ನಿರ್ದೇಶಕಿ ಗಂಗಾಶ್ರೀ ಶಿಕಾರಿಪುರದವಳು, ಚಂದ್ರಶೇಖರಪ್ಪನವರ ತಮ್ಮನ ಮಗಳು. ಅವಳ ಮೊದಲ ಸಿನಿಮಾ ಅದು, ಥ್ರಿಲ್ಲರು. ಕೊನೆಯ ಮುಖ್ಯ ದೃಶ್ಯ ಈ ಮಿಲ್ಲಿನಲ್ಲಿ. ಕೊಲೆಗಾರನಿಂದ ಅಡಗಿಕೊಂಡ ನಾಯಕಿಯ ದುಪಟ್ಟಾ ಮಿಷಿನ್ನಿಗೆ ಸಿಕ್ಕಿಕೊಳ್ಳುತ್ತದೆ, ಕೂಗಿದರೆ ಅವನು ಬರುತ್ತಾನೆ, ಕೂಗದಿದ್ದರೆ ಮಿಷಿನ್ನು ಬಿಡುವುದಿಲ್ಲ. ದೊಡ್ಡಪ್ಪ ಹೇಳಿದ ಗುತ್ಯಪ್ಪನ ಕತೆ ಕೇಳಿಯೇ ಅವಳಿಗೆ ಈ ದೃಶ್ಯ ಹೊಳೆದದ್ದು. ಚಿತ್ರೀಕರಣವೆಲ್ಲ ಮುಗಿಸಿ ಒಂದು ಮಧ್ಯಾಹ್ನ ದೊಡ್ಡಪ್ಪನ ಮನೆಯ ಟಿ.ವಿ.ಯಲ್ಲಿ ದೃಶ್ಯವನ್ನು ತೋರಿಸಿದಳು. ಮಿಲ್ಲಿನವರನ್ನೂ ಕರೆದಿದ್ದಳು. ಸಂಗೀತ ಮತ್ತು ಸದ್ದಿನ ಕೆಲಸ ನೋಡಿಕೊಳ್ಳುತ್ತಿದ್ದ ಉದಯ ಸ್ಪೀಕರು ಜೋಡಿಸಿ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

ನಾಯಕಿ ಮಿಲ್ಲಿನ ಬಾಗಿಲಿಗೆ ಬರುವಾಗಲೇ ಡ್ರಮ್ಮುಗಳು ಢಣಢಣ ಎಂದವು. ಪಿಟೀಲುಗಳು ಹತ್ತಿಪ್ಪತ್ತು ಸೇರಿ ಕೊರೆದವು. ದುಪಟ್ಟಾ ಸಿಕ್ಕಿಕೊಂಡಿತು. ಅದರ ಹಿಂದಿನಿಂದ ಮಿಲ್ಲಿನ ಸದ್ದು ಬಂತು, ಪುಕ್ ಪುಕ್ ಪುಕ್ ಪುಕ್. ಗುತ್ಯಪ್ಪ ಬಾಯಿಗೆ ಕೈ ಅಡ್ಡ ಹಿಡಿದ. ಆದರೂ ನಗು ನಿಲ್ಲಲಿಲ್ಲ, ಹಿಂದೆ ಕೂತಿದ್ದವರೂ ನಕ್ಕುಬಿಟ್ಟರು.

"ಯಾಕ್ರೀ ಗುತ್ಯಪ್ಪನೋರೇ?" ಎಂದಳು ಗಂಗಾಶ್ರೀ. ಮುಖ ಸಪ್ಪಗಾಗಿತ್ತು.

"ಬೇಜಾರು ಮಾಡ್ಕಬ್ಯಾಡ್ರಿ ಅಮ್ಮಾರೆ. ಇದು ಹಿಟ್ಟಿನ ಗಿರಣಿ ಸದ್ದು. ರಾಗಿ ಡಬ್ಬಿ ತಲೆ ಮೇಲೆ ಇಟ್ಕಂಡು ಸರತಿಗೆ ನಿಂತಂಗೆ ಆಕ್ಕತಿ, ಹೆದ್ರಿಕೆ ಎಲ್ಲಿಂದ ಬರ್ಬಕು?"

ಚಿತ್ರೀಕರಣದ ದಿನ ಮಾತು ಸರಿಯಾಗಿ ಕೇಳಲೆಂದು ಮಿಷಿನ್ನು ನಿಲ್ಲಿಸಿ, ಚಕ್ರವನ್ನು ಕೈಯಲ್ಲೇ ತಿರುಗಿಸಿದ್ದರು. ಉದಯ ತನ್ನ ಕಂಪ್ಯೂಟರಿನಲ್ಲಿ ಮಿಲ್ಲು ಎಂಬ ಹೆಸರಿನಡಿ ಸಿಕ್ಕ ಸದ್ದನ್ನು ಅಂಟಿಸಿದ್ದ. ಅವನು ಮುಖ ಕೆಂಪಗೆ ಮಾಡಿಕೊಂಡು, "ಮಿಲ್ಲಿನ ಸದ್ದು ಹಿಂದೆ ಇರುತ್ತೆ ಅಷ್ಟೇ. ಟೆನ್ಷನ್ ಕೊಡೋದು ಮ್ಯೂಸಿಕ್ಕು" ಎಂದ.

"ಅದೂ ಒಂದು ಹೇಳ್ಲಾ? ಬಾಗಿಲಿಗೆ ಬರೋಕ್ ಮುಂಚೇನೇ ಡಂಗುರ ಹೊಡೆದ್ರೆ ಏನೋ ಆಕ್ಕತಿ ಅಂತ ಗೊತ್ತಾಗೇ ಹೋತಲ್ರೀ. ಗೊತ್ತಾದೋರು ಆರಾಮಾಗಿ ಕೂತ್ಕಂಡು ಕಡ್ಲೆಕಾಯಿ ಸುಲೀತಾರೆ." ಹೇಳಿ ಮುಗಿಸಿದ ಮೇಲೆ ತಾನು ಹೆಚ್ಚು ಮಾತಾಡಿದೆನೇನೋ ಎಂದು ಗುತ್ಯಪ್ಪನಿಗೆ ಅಳುಕಾಯಿತು. ಗಂಗಾಶ್ರೀ ಮಾತ್ರ ಅವನನ್ನೇ ನೋಡುತ್ತಿದ್ದಳು. "ಹಾಗಾದ್ರೆ ನಿಜವಾದ ಸದ್ದು ಹೇಗಿತ್ತು, ನಾಳೆ ಕೇಳಿಸ್ತೀರಾ?" ಎಂದಳು.

ಮರುದಿನ ಬೆಳಿಗ್ಗೆ ಉದಯ ಮೈಕು ತಂದು ಮಿಷಿನ್ನಿನ ಬಾಯಿಗೇ ಇಡಲು ಹೊರಟ. ಗುತ್ಯಪ್ಪ ಬೇಡವೆಂದ. ಅಂಗಳದಲ್ಲಿ, ನೀರಿನ ತೊಟ್ಟಿಯ ಪಕ್ಕ, ಹಿಂದೆ ಹೆಂಗಸರು ಕೂತು ಕೇರುತ್ತಿದ್ದ ಜಾಗದಲ್ಲಿ ಇಡಿಸಿದ. "ಒಳಗಿರೋನಿಗೆ ಮಿಷಿನ್ನು ಬರೀ ಗದ್ಲ. ಹೊರಗೆ ಕೂತು ಕೇಳ್ರಿ" ಎಂದ. ಅರ್ಧ ಚೀಲ ಭತ್ತ ಸುರಿದು ಮಿಲ್ಲು ಓಡಿಸಿ, ತಾನೂ ಬಂದು ಅವರ ಪಕ್ಕ ಕುಕ್ಕರುಗಾಲಿನಲ್ಲಿ ಕೂತ. ದಪ್ಪ ದನಿ ಸುಮಾರು ಹೊತ್ತು ಓಡಿತು. ಆಮೇಲೆ ಎಲ್ಲೋ ಒಂದು ಎಳೆ ಸಡಿಲವಾದಂತೆ ತೆಳುವಾಗತೊಡಗಿತು. ಉದಯ ಕಿವಿಗೆ ಹಾಕಿದ್ದ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದ. ಅಷ್ಟರಲ್ಲಿ ದನಿ ಮತ್ತೆ ದಪ್ಪಗಾಯಿತು. ತಿರುಗಿ ನೋಡಿದರೆ ಗುತ್ಯಪ್ಪ ಪಕ್ಕದಲ್ಲಿಲ್ಲ. ಒಳಗೆ ಬುಟ್ಟಿ ಹಿಡಿದು ಭತ್ತ ಸುರಿಯುತ್ತಿದ್ದಾನೆ!

"ಅಯ್ಯೋ, ಕಾಲು ತಾನೇ ಎದ್ದು ಹೋತ್ರೀ" ಎಂದು ತಲೆ ಕೆರೆದುಕೊಂಡ. ಎರಡನೆಯ ಸಲವೂ ಅದೇ ಆಯಿತು. ದನಿ ಇನ್ನೇನು ಏರಬೇಕು, ಮನುಷ್ಯ ಹೊಸಿಲು ದಾಟಿದ್ದ. ಮೂರನೆಯ ಸಲಕ್ಕೆ ಉದಯ ಅವನ ಭುಜ ಹಿಡಿದುಕೊಂಡೇ ಕೂತ. ಭತ್ತ ಮುಗಿಯಿತು. ದನಿ ತೆಳುವಾಯಿತು, ಏರಿತು, ಇನ್ನೂ ಏರಿತು. ಅಂಗಳದಲ್ಲಿ ಬಿಸಿಲು, ಕಾಳು ಹೆಕ್ಕುವ ಗುಬ್ಬಿಗಳು, ಎದುರಿಗೆ ತೆರೆದ ಬಾಗಿಲು. ಬಾಗಿಲಲ್ಲಿ ಯಾರೂ ಇಲ್ಲ. ಒಳಗೆ ಯಾರೋ ಭತ್ತ ಸುರಿಯಬೇಕಿತ್ತು, ಸುರಿಯುತ್ತಿಲ್ಲ. ಗಂಗಾಶ್ರೀಯ ಕೈ ಮೇಲಿನ ಕೂದಲು ನಿಮಿರಿ ನಿಂತವು. ಅವಳು "ಸಾಕು, ಸಾಕು, ನಿಲ್ಸಿ" ಎಂದು ಎದ್ದೇಬಿಟ್ಟಳು.

ಗುತ್ಯಪ್ಪ ಓಡಿ ಹೋಗಿ ಮಿಲ್ಲು ನಿಲ್ಲಿಸಿ ಬಂದ. ಮೈಯೆಲ್ಲ ಬೆವರು. ಅಂಗಳದ ಕಟ್ಟೆಯ ಮೇಲೆ ಕೂತು, ಇಪ್ಪತ್ತೆರಡು ವರ್ಷ ಹೆಂಡತಿಯ ಹತ್ತಿರವೂ ಆಡದ ಮಾತನ್ನು ಆ ಇಬ್ಬರ ಮುಂದೆ ಆಡಿದ. ಈ ಸದ್ದನ್ನು ಅವತ್ತು ತಾನು ಒಳಗಿನಿಂದ ಕೇಳಿದ್ದು, ಇಲ್ಲಿ ಕೂತು ಕೇಳಿದವಳು ಮೂಕಮ್ಮ, ಬೆಲ್ಟು ಕೆಡವಿದವಳು ಅವಳು. "ಸಾವ್ಕಾರ್ರಿಗೆ ಗೊತ್ತಿಲ್ಲ ಅಮ್ಮಾರೆ. ನೀವೂ ಹೇಳಬ್ಯಾಡ್ರಿ. ಹೇಳೋದಾದ್ರೆ ನಾನೇ ಹೇಳ್ಬಕು."

ಗಂಗಾಶ್ರೀ, "ಅವರು ಮೊದಲು ಏನು ಮಾಡಿದ್ರು? ಸದ್ದು ಕೇಳಿದ ತಕ್ಷಣ?" ಎಂದು ಕೇಳಿದಳು.

"ಕೇರೋದು ನಿಲ್ಸಿದ್ಲು ಅಂತ ಕಾಣ್ತತಿ. ಮೊರದ ಸದ್ದು ನಿಂತಿರ್ಬಕು" ಎಂದ ಗುತ್ಯಪ್ಪ.

ಆ ವಾರವೇ ಗಂಗಾಶ್ರೀ ಮಿಲ್ಲಿನಲ್ಲಿ, ಅಂಗಳದಲ್ಲಿ ಇನ್ನಷ್ಟು ಚಿತ್ರೀಕರಿಸಿದಳು. ಕೇರುವ ಎರಡು ಕೈ, ಒಂದು ಮೊರ, ಓಡುವ ಪಾದ, ಒಳಗೆ ಕಳಚಿ ಬೀಳುವ ಬೆಲ್ಟು, ನಿಲ್ಲುತ್ತ ಬರುವ ಚಕ್ರಗಳು. ಉದಯ ಡ್ರಮ್ಮು, ಪಿಟೀಲು ಎಲ್ಲ ಕಿತ್ತು ಹಾಕಿದ. ಶುರುವಿನಲ್ಲಿ ಮಿಲ್ಲಿನ ದಪ್ಪ ದನಿ, ಅದರ ಮೇಲೆ ತಾಳ ಹಾಕಿದಂತೆ ಮೊರದ ಸರ್ ಸರ್. ದನಿ ತೆಳುವಾಗುವಲ್ಲಿ ಶ್ರುತಿಪೆಟ್ಟಿಗೆಯ ಒಂದೇ ಒಂದು ಸ್ವರವನ್ನು ಮಿಲ್ಲಿನ ದನಿಗೆ ಸರಿಯಾಗಿ ಕೂಡಿಸಿ, ಮಿಲ್ಲು ಏರಿದಂತೆ ಅದನ್ನೂ ಕೂದಲೆಳೆಯಷ್ಟೇ ಏರಿಸುತ್ತ ಹೋದ. ಯಾವುದು ಮಿಲ್ಲು, ಯಾವುದು ಸಂಗೀತ ಎಂದು ಬಿಡಿಸಿ ಹೇಳುವಂತಿರಲಿಲ್ಲ. ಅದರ ನಡುವೆ ಮೊರದ ಸದ್ದು ಪಟಕ್ಕನೆ ನಿಲ್ಲುತ್ತದೆ. ಹೀಗೆ ಕೂಡಿಸಿದ್ದನ್ನು ಗುತ್ಯಪ್ಪನಿಗೆ ಕೇಳಿಸಿದಾಗ ಅವನು ನಗಲಿಲ್ಲ. ಎದ್ದು ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದ. ಉದಯನಿಗೆ ಅಷ್ಟು ಸಾಕಾಯಿತು.

ಶಿಕಾರಿಪುರದಲ್ಲಿ ಮೊದಲ ಪ್ರದರ್ಶನ ಎಂದು ಗೊತ್ತಾದ ಮೇಲೆ ಗುತ್ಯಪ್ಪ ಬಸ್ಸು ಹತ್ತಿ ಅಂಜನಾಪುರಕ್ಕೆ ಹೋದ. ಮೂಕಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಎಪ್ಪತ್ತು ದಾಟಿದ್ದರೂ ಕಣ್ಣು, ಕಿವಿ ಚುರುಕು. ಅವನನ್ನು ಕಂಡು ಮೊದಲು ಬೈದಳು, ಎಷ್ಟು ವರ್ಷವಾಯಿತು ಬಂದು ಎಂದು. ಆಮೇಲೆ ಚಹಾ ಮಾಡಿಸಿದಳು.

"ಅಕ್ಕ, ಅವತ್ತಿಂದು ನಿಜ ಹೇಳ್ಬಿಡ್ತೀನಿ. ಈಗ ನಿನ್ ಕೆಲ್ಸ ಯಾರೂ ಕಿತ್ಕಳಲ್ಲ."

"ಹೇಳಿ ಏನ್ ಆಗ್ಬಕು? ಕೈ ಉಳೀತಲ್ಲ, ಅದ್ರಾಗೆ ಮೂವತ್ತು ವರ್ಷ ಉಂಡೆ, ಮಕ್ಳಿಗೆ ಉಣ್ಸಿದೆ. ಅದು ಸಾಲ್ದಾ? ಸುಮ್ನೆ ಕೂತು ಅವರೆಕಾಯಿ ಸುಲಿ" ಎಂದು ಒಂದು ಹಿಡಿ ಅವನ ಮುಂದೆ ಹಾಕಿದಳು. ಮೂವತ್ತಲ್ಲ, ಇಪ್ಪತ್ತೆರಡು ಎಂದು ತಿದ್ದಲು ಅವನಿಗೆ ಮನಸ್ಸಾಗಲಿಲ್ಲ. ಸಿನಿಮಾಕ್ಕೆ ಮಾತ್ರ ಬರುತ್ತೇನೆಂದಳು. ಟಾಕೀಸಿನಲ್ಲಿ ಕೂತು ಹದಿನೈದು ವರ್ಷವಾಗಿತ್ತಂತೆ.

ಪ್ರದರ್ಶನ ಭಾನುವಾರ ಮಧ್ಯಾಹ್ನ. ಟಾಕೀಸು ಭರ್ತಿ. ಶಿಕಾರಿಪುರ, ಆನವಟ್ಟಿ ಎರಡೂ ಕಡೆಯಿಂದ ಬಂದವರಲ್ಲಿ ಅರ್ಧ ಜನ ಗಂಗಾಶ್ರೀಯ ನೆಂಟರು, ಇನ್ನರ್ಧ ತಮ್ಮ ಊರು ಪರದೆಯ ಮೇಲೆ ಹೇಗೆ ಕಾಣುತ್ತದೆ ಎಂದು ನೋಡಲು ಬಂದವರು. ಶುರುವಾಗುವ ಮುಂಚೆ ಚಂದ್ರಶೇಖರಪ್ಪನವರು ಮೈಕು ಹಿಡಿದರು. ಎಂಬತ್ತರ ಹತ್ತಿರ ಬಂದಿದ್ದರೂ ದನಿ ಗಟ್ಟಿ. "ಈ ಚಿತ್ರದ ಮುಖ್ಯ ದೃಶ್ಯ ನಮ್ಮ ಮಿಲ್ಲಿನ ಗುತ್ಯಪ್ಪನ ಸಾಹಸ. ಒಂದೇ ಕೈಯಾಗೆ ಬೆಲ್ಟು ತಪ್ಸಿದ ಗಂಡುಗಲಿ. ಎದ್ದು ನಿಲ್ಲಪ್ಪ ಗುತ್ಯಪ್ಪ" ಎಂದರು. ಚಪ್ಪಾಳೆ ಬಿತ್ತು. ಗುತ್ಯಪ್ಪ ಅರ್ಧ ಎದ್ದ, ಬಾಯಿ ತೆರೆದ, ಮತ್ತೆ ಕೂತ. ಒಂದು ಪಕ್ಕದಲ್ಲಿ ಕೂತಿದ್ದ ಮೂಕಮ್ಮ ಎಲ್ಲರ ಜೊತೆ ತಾನೂ ಚಪ್ಪಾಳೆ ತಟ್ಟುತ್ತಿದ್ದಳು. ಅವಳ ಮುಖದಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ಇನ್ನೊಂದು ಪಕ್ಕದಲ್ಲಿ ತಿಮ್ಮಮ್ಮ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡಳು. ಗುತ್ಯಪ್ಪನಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು.

ಸಿನಿಮಾ ನಡೆಯಿತು. ಮೊದಲರ್ಧದಲ್ಲಿ ಜನ ಪರಿಚಯದ ಜಾಗ ಕಂಡಾಗಲೆಲ್ಲ ಕೂಗಿದರು, ಕುರುಕಲು ತಿಂದರು. ಮಿಲ್ಲಿನ ದೃಶ್ಯ ಬಂತು. ದಪ್ಪ ದನಿ, ಮೊರದ ಸರ್ ಸರ್. ನಾಯಕಿಯ ದುಪಟ್ಟಾ ಸಿಕ್ಕಿಕೊಂಡಿತು. ಯಾವ ಡ್ರಮ್ಮೂ ಬಾರಿಸಲಿಲ್ಲವಾದ್ದರಿಂದ ಏನಾಗುತ್ತದೆಂದು ಯಾರಿಗೂ ಗೊತ್ತಾಗಲಿಲ್ಲ. ದನಿ ತೆಳುವಾಗತೊಡಗಿತು. ಚಿಪ್ಸಿನ ಪೊಟ್ಟಣಗಳ ಚರಚರ ಒಂದೊಂದು ಸಾಲಿನಲ್ಲೇ ನಿಂತಿತು. ಅಲ್ಲಿ ಕೂತಿದ್ದವರಲ್ಲಿ ಮುಕ್ಕಾಲು ಜನ ಎಳೆಯ ವಯಸ್ಸಿನಿಂದ ಮಿಲ್ಲಿನ ಅಂಗಳದಲ್ಲಿ ಭತ್ತದ ಚೀಲದ ಮೇಲೆ ಕೂತು ಕಾದವರು. ಯಾಕೆಂದು ತಿಳಿಯದೆಯೇ ಅವರ ಮೈ ಮುಂದಕ್ಕೆ ಬಾಗಿತು. ದನಿ ಏರಿತು. ಮೊರದ ಸದ್ದು ನಿಂತಿತು.

ಮೂಕಮ್ಮ ಎದ್ದು ನಿಂತಳು.

ಗುತ್ಯಪ್ಪ ಏನು ಎತ್ತ ಎನ್ನುವುದರೊಳಗೆ ಅವಳು ಎದುರಿನ ಕುರ್ಚಿಗಳನ್ನು ಹಿಡಿದುಕೊಂಡು, ಸಾಲಿನಿಂದ ಹೊರಗೆ ನಡುದಾರಿಗೆ ಬಂದಿದ್ದಳು. ಪರದೆಯ ಕಡೆಗೆ ಎರಡು ಹೆಜ್ಜೆ ಹಾಕಿ ಕೂಗಿದಳು. "ಗುತ್ಯಾ! ಲೋ ಗುತ್ಯಾ! ಎಲ್ಲಿದೀಯೋ?"

ಅವತ್ತು ಅಂಗಳದಿಂದ ಓಡಿ ಬರುವಾಗ ಅವಳು ಹೀಗೇ ಕೂಗಿದ್ದಳೆಂಬುದು ಗುತ್ಯಪ್ಪನಿಗೆ ಆ ಗಳಿಗೆಯವರೆಗೆ ತಿಳಿದಿರಲಿಲ್ಲ. ಅವತ್ತು ಮಿಷಿನ್ನಿನ ಕಿರುಚಾಟದಲ್ಲಿ ಅವಳ ಕೂಗು ಅವನಿಗೆ ಕೇಳಿಸಿರಲಿಲ್ಲ. ಈಗ ಕೇಳಿಸಿತು. ಅವನು ಎದ್ದ, ಮೊಣಕಾಲು ಯಾರಿಗೆ ತಗುಲಿತೆಂದು ನೋಡದೆ ಸಾಲು ದಾಟಿ ಹೋಗಿ ಅವಳ ಎರಡೂ ಕೈ ಹಿಡಿದುಕೊಂಡ.

"ಇಲ್ಲೇ ಅದೀನಿ ಅಕ್ಕ. ನೋಡು, ಇಲ್ಲೇ ಅದೀನಿ. ನೀನು ಅವತ್ತೇ ಬಂದ್ಯಲ್ಲ."

ಹಿಂದಿನಿಂದ ಯಾರೋ "ಕೂತ್ಕಳ್ರೀ, ಕಾಣ್ಸಲ್ಲ" ಎಂದರು. ಮುಂದಿನ ಸಾಲಿನಲ್ಲಿದ್ದ ಚಂದ್ರಶೇಖರಪ್ಪನವರು ಏನು ಗಲಾಟೆಯೆಂದು ತಿರುಗಿದರು. ಪರದೆಯ ಬೆಳಕಿನಲ್ಲಿ ಅವರ ಮುಖ ಚೆನ್ನಾಗಿಯೇ ಕಾಣುತ್ತಿತ್ತು. ಗುತ್ಯಪ್ಪನಿಗೆ ಈ ಸಲ ಮನಸ್ಸು ಮೆತ್ತಗಾಗಲಿಲ್ಲ.

"ಸಾವ್ಕಾರ್ರೇ, ಬೆಲ್ಟು ತಪ್ಸಿದ್ದು ನಾನಲ್ಲ" ಎಂದು ಕೂಗಿದ. ಮಿಲ್ಲಿನಲ್ಲಿ ಕೂಗಿ ಅಭ್ಯಾಸವಾದ ದನಿ, ಕೊನೆಯ ಸಾಲಿಗೂ ತಲುಪಿತು. "ಇವಳು. ನಮ್ಮ ಮೂಕಕ್ಕ. ಹೊರಗಿಂದ ಈ ಸದ್ದು ಕೇಳಿ ಓಡಿ ಬಂದು ಇವಳು ತಪ್ಸಿದ್ದು. ಕೆಲ್ಸ ಹೋಗ್ತತಿ ಅಂತ ಹೇಳಿರ್ಲಿಲ್ಲ. ನಾನು ಇವತ್ತು ಉಸಿರಾಡ್ತಾ ಇರೋದು ಇವಳಿಂದ."

ಅಷ್ಟರಲ್ಲಿ ಪರದೆಯ ಮೇಲೆ ಬೆಲ್ಟು ಬಿತ್ತು. ಕಿರುಚಾಟ ಇಳಿಯಿತು, ಚಕ್ರಗಳು ಸುಸ್ತಾಗಿ ತಿರುಗಿ ತಿರುಗಿ ನಿಂತವು, ಸದ್ದೇ ಇಲ್ಲದಂತಾಯಿತು. ಚಂದ್ರಶೇಖರಪ್ಪನವರು ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದರು, ಮೂಕಮ್ಮನ ಕಡೆ ತಿರುಗಿ ಎರಡೂ ಕೈ ಜೋಡಿಸಿದರು. ತಿಮ್ಮಮ್ಮ ಆಗಲೇ ನಡುದಾರಿಗೆ ಬಂದಿದ್ದಳು. ಗಂಡನನ್ನು ಒಂದು ಮಾತೂ ಕೇಳದೆ ಅವಳು ಬಾಗಿ ಮೂಕಮ್ಮನ ಕಾಲು ಮುಟ್ಟಿದಳು. "ಯವ್ವಾ, ಇಷ್ಟು ವರ್ಷ ನನ್ನ ತಾಳಿ ಕಾದೋಳು ನೀನೇನಾ" ಎಂದು ಅಳತೊಡಗಿದಳು.

ಮೂಕಮ್ಮನಿಗೆ ತಾನು ಟಾಕೀಸಿನಲ್ಲಿರುವುದು ಈಗ ನೆನಪಾಯಿತು. ನಾಚಿಕೆಯಾಯಿತು. ತಿಮ್ಮಮ್ಮನನ್ನು ಎಬ್ಬಿಸಿದಳು, ಅವಳ ಕಣ್ಣು ಒರೆಸಿದಳು. ಆಮೇಲೆ ಗುತ್ಯಪ್ಪನ ಕೆನ್ನೆಯನ್ನು ಅಂಗೈಯಲ್ಲಿ ಒಮ್ಮೆ ಸವರಿ, "ನಿಂಗೇನೂ ಆಗಿಲ್ವಲ್ಲ, ಅಷ್ಟು ಸಾಕು" ಎಂದಳು.